ಗುಂಡಿಗೆ ಬಿದ್ದ ಕಾರ್ಬನ್ ಫೈಬರ್ ಚಕ್ರ: ಮೇಲೆ ಏನೂ ಕಾಣದಿದ್ದರೆ ಓಡಿಸಬಹುದೇ?

ಪ್ರಶ್ನೆ: ನಾನು ಮುಂಬಯಿಯ ಮುಲುಂಡಿನಲ್ಲಿ ನೆಲೆಸಿದ್ದೇನೆ. ನನ್ನ 1000 ಸಿಸಿ ಬೈಕಿಗೆ ಕಳೆದ ವರ್ಷ ಒಂದು ಜೊತೆ ಕಾರ್ಬನ್ ಫೈಬರ್ ಚಕ್ರಗಳನ್ನು ಪರಿಚಯದವರಿಂದ ಸೆಕೆಂಡ್ ಹ್ಯಾಂಡ್ ಕೊಂಡು ಹಾಕಿಸಿದೆ. ಭಾನುವಾರಗಳಂದು ಲೋಣಾವಳದವರೆಗೆ ಹೋಗಿಬರುತ್ತೇನೆ. ದೀಪಾವಳಿಗೆ ಗೋವಾ ತಲುಪಿ, ಚೋರ್ಲಾ ಘಾಟ್ ಹತ್ತಿ ಬೆಳಗಾವಿಯ ಮನೆಗೆ ಹೋಗುವುದು ರೂಢಿ. ಈ ಮಳೆಗಾಲದಲ್ಲಿ ವಡಖಳದ ಹತ್ತಿರ ನೀರು ತುಂಬಿದ್ದ ಗುಂಡಿಯೊಂದಕ್ಕೆ ಮುಂದಿನ ಚಕ್ರ ಜೋರಾಗಿ ಬಿತ್ತು. ರಿಮ್ ಬೆಂಡಾಗಿಲ್ಲ, ಹ್ಯಾಂಡಲ್ ನಡುಗುವುದಿಲ್ಲ. ಆದರೆ ಒಂದು ಸ್ಪೋಕ್ ರಿಮ್ಮಿಗೆ ಸೇರುವಲ್ಲಿ ಲ್ಯಾಕರಿನ (ಹೊಳಪಿನ ಮೇಲ್ಲೇಪದ) ಮೇಲೆ ಕೂದಲೆಳೆಯಷ್ಟು ಗೆರೆ ಕಾಣುತ್ತಿದೆ, ವಾರಕ್ಕೆ ಎರಡು ಮೂರು ಪಿಎಸ್ಐ ಗಾಳಿಯೂ ಇಳಿಯುತ್ತಿದೆ. ಕಾರ್ಬನ್ ಯಾವಾಗ ಬೇಕಾದರೂ ಪುಡಿಯಾಗುತ್ತದೆ ಎಂದು ಒಬ್ಬ ಗೆಳೆಯ ಹೇಳಿದರೆ, ಉಕ್ಕಿಗಿಂತ ಗಟ್ಟಿ, ಚಿಂತೆ ಬೇಡ ಎಂದು ಇನ್ನೊಬ್ಬ ಹೇಳುತ್ತಾನೆ. ಈ ಚಕ್ರದ ಮೇಲೆ ಊರಿಗೆ ಹೋಗಬಹುದೇ?

ಉತ್ತರ: ಹೋಗಬೇಡಿ. ಬೆಳಗಾವಿಯ ಮಾತಿರಲಿ, ಗಾಳಿ ಎಲ್ಲಿಂದ ಇಳಿಯುತ್ತಿದೆ ಎಂಬುದು ಖಚಿತವಾಗುವವರೆಗೆ ಪೆಟ್ರೋಲ್ ಪಂಪಿನವರೆಗೂ ಆ ಬೈಕನ್ನು ಓಡಿಸಬೇಡಿ. ನೀವು ತಿಳಿಸಿರುವ ಮೂರು ಸಂಗತಿಗಳಿಗೂ ಬಿಡಿಬಿಡಿಯಾಗಿ ನೋಡಿದರೆ ನಿರಪಾಯದ ಕಾರಣಗಳು ಇರಬಹುದು: ಪೆಟ್ಟನ್ನು ಟಯರೇ ತಡೆದಿರಬಹುದು, ಗೆರೆ ಲ್ಯಾಕರಿನದಷ್ಟೇ ಆಗಿರಬಹುದು, ಗಾಳಿ ವಾಲ್ವಿನಿಂದ ಸೋರುತ್ತಿರಬಹುದು. ಆದರೆ ಈ ಮೂರೂ ಒಂದೇ ಪೆಟ್ಟಿನ ನಂತರ ಒಂದೇ ಚಕ್ರದಲ್ಲಿ ಒಟ್ಟಿಗೆ ಕಾಣಿಸಿಕೊಂಡಿರುವಾಗ, ಒಳಗೆ ಪದರಗಳು ಬಿಟ್ಟಿವೆ ಎಂದೇ ಭಾವಿಸಿ ನಡೆದುಕೊಳ್ಳಬೇಕು. ಹಾಗಾಗಿಲ್ಲ ಎಂದು ಪರೀಕ್ಷೆಯಿಂದ ಗೊತ್ತಾದ ಮೇಲಷ್ಟೇ ನಿಶ್ಚಿಂತರಾಗಬಹುದು.

ನಿಮ್ಮ ಇಬ್ಬರು ಗೆಳೆಯರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಸುಮಾರು 7 ಮೈಕ್ರಾನ್ ದಪ್ಪದ ಕಾರ್ಬನ್ ಎಳೆಗಳ ಹಾಸುಗಳನ್ನು ಬೇರೆ ಬೇರೆ ದಿಕ್ಕುಗಳಿಗೆ ಪದರ ಪದರವಾಗಿ ಜೋಡಿಸಿ, ಎಪಾಕ್ಸಿ ರೆಸಿನ್ ಎಂಬ ಅಂಟಿನಿಂದ ಬೆಸೆದು, ಶಾಖ ಮತ್ತು ಒತ್ತಡದಲ್ಲಿ ಗಟ್ಟಿಯಾಗಿಸಿದರೆ ಈ ಚಕ್ರವಾಗುತ್ತದೆ. ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.6 ಗ್ರಾಂ, ಅಲ್ಯೂಮಿನಿಯಂನದು 2.7 ಗ್ರಾಂ. ಎಳೆಗಳು ಓಡುವ ದಿಕ್ಕಿನಲ್ಲಿ ಜಗ್ಗಿದಾಗ, ತೂಕಕ್ಕೆ ಹೋಲಿಸಿದರೆ, ಅದು ಉಕ್ಕನ್ನು ನಿಸ್ಸಂದೇಹವಾಗಿ ಮೀರಿಸುತ್ತದೆ. ರಸ್ತೆಯ ಮೇಲೆ ಪ್ರತಿ ಸುತ್ತಿಗೂ ಮರುಕಳಿಸುವ ಸಾಮಾನ್ಯ ಭಾರವನ್ನು ತಾಳಿಕೊಳ್ಳುವುದರಲ್ಲಂತೂ ಚೆನ್ನಾಗಿ ತಯಾರಾದ ಕಾರ್ಬನ್ ಚಕ್ರ ಅಲ್ಯೂಮಿನಿಯಂ ಚಕ್ರಕ್ಕಿಂತ ಮೇಲು. ಲೋಹದಲ್ಲಿ ವರ್ಷಗಳ ಬಳಕೆಯಿಂದ ಬರುವ ದಣಿವಿನ ಬಿರುಕು ಇದರಲ್ಲಿ ಅಷ್ಟು ಸುಲಭವಾಗಿ ಬರುವುದಿಲ್ಲ. ಡುಕಾಟಿಯವರು 2020ರ ಸೂಪರ್‌ಲೆಜೆರಾ ವಿ4 ಬೈಕಿಗೂ ಬಿಎಂಡಬ್ಲ್ಯುನವರು 2017ರ ಎಚ್‌ಪಿ4 ರೇಸ್ ಬೈಕಿಗೂ ಕಾರ್ಖಾನೆಯಲ್ಲೇ ಇಂಥ ಚಕ್ರಗಳನ್ನು ಹಾಕಿ ಮಾರಿದ್ದಾರೆ. ಇದು ದುರ್ಬಲವಾದ ವಸ್ತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಭಯಪಡಬೇಕಾದ್ದು ಅದು ಕೆಡುವ ಬಗೆಗೆ. ಎಳೆಗಳ ಬಲ ಎಳೆಗಳ ದಿಕ್ಕಿಗೆ ಮಾತ್ರ ಸೀಮಿತ. ಒಂದು ಪದರವನ್ನು ಅದರ ಮೇಲಿನ ಪದರಕ್ಕೆ ಹಿಡಿದಿಟ್ಟಿರುವುದು ರೆಸಿನ್ ಒಂದೇ, ಮತ್ತು ರೆಸಿನ್ನಿನ ಬಲ ಎಳೆಗಳ ಬಲದ ಸಣ್ಣದೊಂದು ಪಾಲು. ಅಲಾಯ್ ರಿಮ್ಮಿಗೆ ಗುಂಡಿಯ ಅಂಚು ತಾಗಿದರೆ ಲೋಹ ಮೊದಲು ಬಾಗುತ್ತದೆ, ಬಾಗುವುದರಲ್ಲೇ ಪೆಟ್ಟಿನ ಶಕ್ತಿಯ ದೊಡ್ಡ ಪಾಲನ್ನು ನುಂಗಿಕೊಳ್ಳುತ್ತದೆ, ಬಾಗಿದ್ದು ಕಣ್ಣಿಗೂ ಕೈಗೂ ಸಿಗುತ್ತದೆ: ರಿಮ್ ವಾಲಾಡುತ್ತದೆ, ಹ್ಯಾಂಡಲ್ ನಡುಗುತ್ತದೆ. ಕಾರ್ಬನ್ ಎಳೆ ಹಾಗೆ ಬಾಗಿ ನಿಲ್ಲುವುದಿಲ್ಲ. ಶೇಕಡ ಒಂದೂವರೆಯಿಂದ ಎರಡರಷ್ಟು ಹಿಗ್ಗಿದ ಮೇಲೆ ಅದು ತುಂಡಾಗುತ್ತದೆ, ಅಷ್ಟರೊಳಗೆ ಪೆಟ್ಟು ನಿಂತರೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಹೀಗೆ ಮರಳುವಾಗ ಪದರಗಳ ನಡುವಿನ ರೆಸಿನ್ ಹರಿದಿದ್ದರೆ, ಹೊರಗಿನ ರೂಪ ಯಥಾವತ್ತಾಗಿದ್ದು ಒಳಗಿನ ಪದರಗಳಷ್ಟೇ ಪರಸ್ಪರ ಬಿಟ್ಟುಕೊಂಡಿರುತ್ತವೆ. ಇದನ್ನು ನಾವು ಡಿಲ್ಯಾಮಿನೇಷನ್ ಎನ್ನುತ್ತೇವೆ. ಆದ್ದರಿಂದ ನೀವು ಸಮಾಧಾನಕ್ಕೆಂದು ಬರೆದ ಎರಡು ಸಂಗತಿಗಳು, ರಿಮ್ ಬೆಂಡಾಗಿಲ್ಲ ಮತ್ತು ಹ್ಯಾಂಡಲ್ ನಡುಗುವುದಿಲ್ಲ ಎಂಬುವು, ಅಲಾಯ್ ಚಕ್ರದ ವಿಷಯದಲ್ಲಿ ಒಳ್ಳೆಯ ಸುದ್ದಿ, ಕಾರ್ಬನ್ ಚಕ್ರದ ವಿಷಯದಲ್ಲಿ ಹೆಚ್ಚುಕಡಿಮೆ ಏನನ್ನೂ ಹೇಳುವುದಿಲ್ಲ.

ಪದರ ಬಿಟ್ಟ ಜಾಗ ಜಗ್ಗುವ ಬಲವನ್ನು ಇನ್ನೂ ಬಹುಮಟ್ಟಿಗೆ ತಾಳುತ್ತದೆ. ಅದು ಸೋಲುವುದು ಅದುಮುವ ಬಲಕ್ಕೆ. ಕಣ್ಣಿಗೆ ಕಾಣಿಸೀತೋ ಇಲ್ಲವೋ ಎಂಬಷ್ಟು ಚಿಕ್ಕ ಪೆಟ್ಟಿನ ಗುರುತಿನಡಿಯಲ್ಲೂ ಕಾರ್ಬನ್ ಹಲಗೆಯ ಅದುಮು ಬಲ ಅರ್ಧದಷ್ಟಕ್ಕೆ ಇಳಿದಿರಬಹುದು ಎಂಬುದು ವಿಮಾನ ನಿರ್ಮಾಣದವರಿಗೆ ದಶಕಗಳಿಂದ ಗೊತ್ತಿರುವ ವಿಷಯ. ಅದಕ್ಕಾಗಿಯೇ ಅವರು ಕಾಣದ ಹಾನಿ ಇದ್ದೇ ಇದೆ ಎಂದು ಮೊದಲೇ ಎಣಿಸಿ, ಆ ಹಾನಿಯೊಂದಿಗೂ ಪೂರ್ಣ ಭಾರ ಹೊರುವಂತೆ ರೆಕ್ಕೆಯನ್ನು ರೂಪಿಸುತ್ತಾರೆ. ಬೈಕಿನ ಚಕ್ರದಲ್ಲಿ ಅಷ್ಟು ಧಾರಾಳತನಕ್ಕೆ ಜಾಗವಿಲ್ಲ, ಏಕೆಂದರೆ ತೂಕ ಇಳಿಸುವುದೇ ಅದರ ಉದ್ದೇಶ. ಖಂಡಾಲಾ ಘಾಟಿನ ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದಾಗ ಬೈಕಿನ ತೂಕ ಬಹುಪಾಲು ಮುಂದಿನ ಚಕ್ರಕ್ಕೆ ಬಂದು ರಿಮ್ ಮತ್ತು ಸ್ಪೋಕುಗಳನ್ನು ಅದುಮುತ್ತದೆ. ಪದರ ಬಿಟ್ಟ ಸ್ಪೋಕ್ ಕೈಕೊಡುವುದಾದರೆ ಬಹುಶಃ ಅಲ್ಲಿಯೇ, ಮತ್ತು ಅದಕ್ಕೆ ಮುನ್ನ ಸವಾರನಿಗೆ ಯಾವ ಸೂಚನೆಯೂ ಸಿಗದಿರಬಹುದು.

ವಡಖಳದ ಆ ಪೆಟ್ಟು ಎಷ್ಟು ದೊಡ್ಡದಿತ್ತು ಎಂದು ಅಂದಾಜು ಮಾಡೋಣ. ನಿಮ್ಮಂಥ ಬೈಕುಗಳ ಮುಂದಿನ ಟಯರ್ ಸಾಮಾನ್ಯವಾಗಿ 120/70-17. ಎಂದರೆ ರಿಮ್ಮಿನಲ್ಲಿ ಟಯರ್ ಕೂರುವ ಜಾಗಕ್ಕೂ ರಸ್ತೆಗೂ ನಡುವೆ ಇರುವ ರಬ್ಬರ್ ಮತ್ತು ಗಾಳಿಯ ಒಟ್ಟು ಎತ್ತರ 84 ಮಿಲಿಮೀಟರ್, ಒಂದು ಅಂಗೈ ಅಗಲ. ಪಣವೇಲಿನಿಂದಾಚೆಗೆ ರಾಷ್ಟ್ರೀಯ ಹೆದ್ದಾರಿ 66ರ ಗುಂಡಿಗಳು ಮಳೆಗಾಲದಲ್ಲಿ ಎಷ್ಟು ಆಳವಾಗುತ್ತವೆ ಎಂಬುದನ್ನು ನಾನು ನಿಮಗೆ ಹೇಳಬೇಕಿಲ್ಲ. ಆಳಕ್ಕಿಂತಲೂ ಮುಖ್ಯವಾದ್ದು ಗುಂಡಿಯ ಆಚೆಯ ಅಂಚು ಎಷ್ಟು ಚೂಪಾಗಿದೆ ಎಂಬುದು. ಡಾಂಬರು ಕಿತ್ತುಹೋದ ಕಡೆ ಆ ಅಂಚು ಮೊಂಡಾಗಿರುತ್ತದೆ, ಕಾಂಕ್ರೀಟ್ ಮತ್ತು ಪೇವರ್ ಬ್ಲಾಕ್ ಸೇರುವ ಕಡೆ ಉಳಿಯಂತೆ ನಿಂತಿರುತ್ತದೆ. ವೇಗದ ಲೆಕ್ಕವೂ ಇದೆ: ಅದೇ ಅಂಚಿಗೆ ಗಂಟೆಗೆ 60 ಕಿಲೋಮೀಟರ್ ಬದಲು 90ರಲ್ಲಿ ತಾಗಿದರೆ ಪೆಟ್ಟಿನ ಶಕ್ತಿ ಒಂದೂವರೆ ಪಟ್ಟಲ್ಲ, ಸುಮಾರು ಎರಡೂಕಾಲು ಪಟ್ಟಾಗುತ್ತದೆ. ಟಯರಿನಲ್ಲಿ ಗಾಳಿ ನಾಲ್ಕೈದು ಪಿಎಸ್ಐ ಕಡಿಮೆಯಿದ್ದರೆ ಅದು ಇನ್ನೂ ಬೇಗ ಚಪ್ಪಟೆಯಾಗಿ ರಿಮ್ಮಿಗೆ ಅಂಚು ಬಡಿಯಲು ಬಿಡುತ್ತದೆ. ಸವಾರಿಯಲ್ಲಿ ‘ಟಕ್’ ಎಂಬ ಗಟ್ಟಿ ಸದ್ದು ಕೇಳಿಸಿದ್ದರೆ, ಅಥವಾ ಟಯರಿನ ಪಕ್ಕದ ಗೋಡೆಯ ಮೇಲೆ ಎರಡು ಸಮಾನಾಂತರ ಕಚ್ಚಿನ ಗುರುತುಗಳಿದ್ದರೆ, ಪೆಟ್ಟು ರಿಮ್ಮಿನವರೆಗೆ ತಲುಪಿದೆ ಎಂದೇ ಅರ್ಥ.

ಪುಣೆ ಬಳಿಯ ಭೋಸರಿಯಲ್ಲಿ ನಾನು ಕೆಲಸ ಮಾಡುವ ಕಡೆ, ಇಂಥದೇ ಪೆಟ್ಟು ತಿಂದ ಒಂದು ರಿಮ್ಮನ್ನು ಡೈಮಂಡ್ ಬ್ಲೇಡಿನಿಂದ ಅಡ್ಡಕ್ಕೆ ಕೊಯ್ದು ನೋಡಿದ್ದೇವೆ. ಹೊರಗಿನ ಅಂಚಿನಲ್ಲಿ ಕಾಣುತ್ತಿದ್ದದ್ದು ಉಗುರಿನಿಂದ ಗೀರಿದಷ್ಟು ಗುರುತು. ಕೊಯ್ದ ಮುಖವನ್ನು ನಯಗೊಳಿಸಿ ಭೂತಗನ್ನಡಿಯಡಿ ಇಟ್ಟಾಗ, ಅಂಚು ಮತ್ತು ಟಯರಿನ ಬೀಡ್ (ರಿಮ್ಮಿಗೆ ಒತ್ತಿ ಕೂರುವ ಟಯರಿನ ಗಟ್ಟಿ ಅಂಚು) ಕೂರುವ ಮೆಟ್ಟಿಲು ಸೇರುವ ಮೂಲೆಯಿಂದ ಹೊರಟ ಸೀಳುಗಳು ಪದರಗಳ ನಡುವೆ ಕವಲೊಡೆದು ರಿಮ್ಮಿನ ಮಧ್ಯಭಾಗದ ಕಡೆಗೆ ಸಾಗಿದ್ದವು; ಒಂದು ಸೀಳಿನೊಳಗೆ ಸಂದು ಅಳೆಯುವ 0.05 ಮಿಲಿಮೀಟರಿನ ಫೀಲರ್ ಗೇಜ್ ಪಟ್ಟಿ ಸಲೀಸಾಗಿ ಹೋಯಿತು. ಪೆಟ್ಟು ಬಿದ್ದ ಮುಖದಲ್ಲಿ ಹಾನಿ ಕಿರಿದು, ಅದರ ಹಿಂದಿನ ಪದರಗಳಲ್ಲಿ ಹಿರಿದು ಎಂಬುದು ಈ ವಸ್ತುವಿನ ಸ್ವಭಾವ. ಟಯರ್ ಬಿಚ್ಚದೆ ಮಾಡಿದ ಯಾವ ತಪಾಸಣೆಯನ್ನೂ ನಾನು ತಪಾಸಣೆ ಎಂದು ಪರಿಗಣಿಸದಿರುವುದು ಈ ಕಾರಣಕ್ಕಾಗಿ.

ಈಗ ಮನೆಯಲ್ಲೇ ಮಾಡಬಹುದಾದ ಕೆಲಸಕ್ಕೆ ಬರೋಣ. ಬೈಕನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಟಯರಿಗೆ ನಿಗದಿತ ಒತ್ತಡದವರೆಗೆ ಗಾಳಿ ತುಂಬಿ, ಸೋಪು ನೀರನ್ನು ಸ್ಪ್ರೇ ಬಾಟಲಿಯಿಂದ ವಾಲ್ವಿನ ಬುಡ, ವಾಲ್ವಿನ ಬಾಯಿ, ಎರಡೂ ಬದಿಯ ಬೀಡ್ ಅಂಚು, ರಿಮ್ಮಿನ ಒಳಮೈ, ಪ್ರತಿ ಸ್ಪೋಕಿನ ಬುಡ ಮತ್ತು ಚಕ್ರದ ನಡುವಿನ ಹಬ್ಬಿನ ಸುತ್ತ ಸಿಂಪಡಿಸಿ, ಆತುರಪಡದೆ ಕಾಯಿರಿ. ವಾರಕ್ಕೆ ಎರಡು ಮೂರು ಪಿಎಸ್ಐ ಸೋರಿಕೆ ಎಂದರೆ ಗುಳ್ಳೆ ಏಳಲು ಹಲವು ನಿಮಿಷ ಬೇಕಾಗಬಹುದು. ಗುಳ್ಳೆ ವಾಲ್ವಿನಲ್ಲಷ್ಟೇ ಬಂದರೆ ಅದೊಂದು ಸಮಾಧಾನ. ರಿಮ್ಮಿನ ಮೈಯಲ್ಲಿ ಅಥವಾ ನೀವು ಹೇಳಿದ ಗೆರೆಯ ಗುಂಟ ಬಂದರೆ ಮುಂದಿನ ಪರೀಕ್ಷೆಯ ಅಗತ್ಯವೇ ಇಲ್ಲ, ಆ ಚಕ್ರದ ಆಯುಷ್ಯ ಮುಗಿದಿದೆ. ಹಬ್ಬಿನ ಬಳಿ ಗುಳ್ಳೆ ಬಂದರೂ ಎಚ್ಚರವಾಗಿರಿ: ಕೆಲವು ಕಾರ್ಬನ್ ಚಕ್ರಗಳ ಸ್ಪೋಕುಗಳು ಒಳಗೆ ಪೊಳ್ಳಾಗಿರುತ್ತವೆ, ರಿಮ್ಮಿನಲ್ಲಿ ಬಿರುಕಿನಿಂದ ಒಳಹೊಕ್ಕ ಗಾಳಿ ಸ್ಪೋಕಿನುದ್ದಕ್ಕೂ ಹರಿದು ಇನ್ನೆಲ್ಲೋ ಹೊರಬೀಳುತ್ತದೆ. ಗಾಳಿ ಹೊರಬರುವ ಜಾಗವೇ ಹಾನಿಯಾದ ಜಾಗವೆಂದು ತಿಳಿಯಬಾರದು.

ಆಮೇಲೆ ಟಯರ್ ಬಿಚ್ಚಿಸಿ, ಒಳಗಿನ ಮೂಲೆಗಳನ್ನು ಟಾರ್ಚ್ ಓರೆಯಾಗಿ ಹಿಡಿದು ನೋಡಿರಿ. ಬಿಳಿಚಿಕೊಂಡ ಗೆರೆ, ಉಬ್ಬು, ಬೆರಳಿಗೆ ತಾಗುವ ಎಳೆಯ ತುದಿ, ಇವುಗಳಲ್ಲಿ ಯಾವುದಿದ್ದರೂ ಅದು ಲ್ಯಾಕರಿನ ದೋಷವಲ್ಲ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ದನಿ ಕೇಳುವ ಹಾಗೆ, ಕಾರ್ಬನ್ನಿನವರೂ ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಹೋಗುತ್ತಾರೆ. ಪದರಗಳು ಕೂಡಿಕೊಂಡಿರುವ ಕಡೆ ದನಿ ಚೊಕ್ಕವಾಗಿರುತ್ತದೆ, ಬಿಟ್ಟಿರುವ ಕಡೆ ಮಂಕಾಗುತ್ತದೆ. ನಿಶ್ಶಬ್ದವಾದ ಕೋಣೆಯಲ್ಲಿ ಗೆರೆಯಿರುವ ಸ್ಪೋಕನ್ನು ಉಳಿದ ಸ್ಪೋಕುಗಳ ಅದೇ ಜಾಗದೊಂದಿಗೆ ಹೋಲಿಸಿ ನೋಡಿರಿ. ಮಂಕು ದನಿ ಬಂದರೆ ಹಾನಿ ಇದೆ ಎಂದು ಬಹುಮಟ್ಟಿಗೆ ನಂಬಬಹುದು. ದನಿ ಚೊಕ್ಕವಾಗಿದ್ದರೆ ಹಾನಿಯಿಲ್ಲ ಎಂದು ನಂಬುವಂತಿಲ್ಲ, ಏಕೆಂದರೆ ಈ ಪರೀಕ್ಷೆ ಮೇಲ್ಮೈಗೆ ಹತ್ತಿರದ ಕೆಲವೇ ಪದರಗಳ ಸ್ಥಿತಿಯನ್ನು ತಿಳಿಸುತ್ತದೆ. ಹಬ್ಬಿನ ಬಳಿಯ ದಪ್ಪ ಭಾಗದಲ್ಲಿ ಅದರಿಂದ ಪ್ರಯೋಜನವಿಲ್ಲ.

ಮುಂದಿನ ಹಂತ ಪ್ರಯೋಗಾಲಯದ್ದು. ಅಲ್ಟ್ರಾಸೋನಿಕ್ ತಪಾಸಣೆ ಮತ್ತು ಎಕ್ಸ್‌ರೇ ಸಿ.ಟಿ. ಸ್ಕ್ಯಾನ್ ಎರಡೂ ಪುಣೆಯ ಕೈಗಾರಿಕಾ ವಲಯದಲ್ಲಿ ನಡೆಯುತ್ತವೆ. ಚಕ್ರದಂಥ ಬಾಗುಬಳುಕಿನ, ಕೆಲವೆಡೆ ಪೊಳ್ಳಾದ ವಸ್ತುವಿಗೆ ಅಲ್ಟ್ರಾಸೋನಿಕ್‌ಗಿಂತ ಸಿ.ಟಿ. ಸ್ಕ್ಯಾನ್ ಹೆಚ್ಚು ನಂಬಲರ್ಹ. ಆದರೆ ಒಂದು ಮಾತನ್ನು ಒತ್ತಿ ಹೇಳಬೇಕಿದೆ: ಆ ಚಕ್ರದಲ್ಲಿ ಪದರಗಳ ಜೋಡಣೆ ಮೂಲತಃ ಹೇಗಿತ್ತು ಎಂಬುದು ಗೊತ್ತಿಲ್ಲದವರಿಗೆ, ಸ್ಕ್ಯಾನಿನಲ್ಲಿ ಕಾಣುವ ಕಪ್ಪು ಗೆರೆ ಪೆಟ್ಟಿನ ಸೀಳೋ, ತಯಾರಿಕೆಯ ಕಾಲದಲ್ಲೇ ಉಳಿದ, ತಯಾರಕರು ಒಪ್ಪಿದ ಗಾಳಿಗುಳ್ಳೆಯೋ ಎಂದು ಹೇಳುವುದು ಕಷ್ಟ. ಆದ್ದರಿಂದ ತೀರ್ಪನ್ನು ಕೊಡಬೇಕಾದವರು ತಯಾರಕರು. ಚಕ್ರದ ಸೀರಿಯಲ್ ನಂಬರ್, ಒಳಮೈಯ ಫೋಟೋಗಳು ಮತ್ತು ಪೆಟ್ಟಿನ ವಿವರವನ್ನು ಅವರಿಗೆ ಕಳುಹಿಸಿರಿ. ಸೀರಿಯಲ್ ನಂಬರ್ ಇಲ್ಲದಿದ್ದರೆ, ಅಥವಾ ಕೇಳಿದಾಗ ತಯಾರಕರು ಆ ನಂಬರ್ ತಮ್ಮದಲ್ಲ ಎಂದರೆ, ಸ್ಕ್ಯಾನಿಗೆ ಹಣ ಸುರಿಯಬೇಡಿ. ಮೂಲವೇ ತಿಳಿಯದ ಚಕ್ರವನ್ನು ಯಾವ ಸ್ಕ್ಯಾನೂ ಪ್ರಮಾಣೀಕರಿಸಲಾರದು.

ದುರಸ್ತಿಯ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ಬೈಕಿನ ಹೊರಕವಚವಾದ ಫೇರಿಂಗ್, ಮಡ್‌ಗಾರ್ಡುಗಳನ್ನು ಎಪಾಕ್ಸಿ ಹಾಕಿ ಚೆನ್ನಾಗಿ ರಿಪೇರಿ ಮಾಡುವವರು ಮುಂಬಯಿ, ಪುಣೆ ಎರಡೂ ಕಡೆ ಇದ್ದಾರೆ. ಅವರ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಚಕ್ರ ಮಾತ್ರ ಅವರ ಕೆಲಸವಲ್ಲ. ಬಿಟ್ಟ ಪದರಗಳ ನಡುವೆ ರೆಸಿನ್ ತುಂಬಿ ಮೇಲೆ ಲ್ಯಾಕರ್ ಹೊಡೆದರೆ ಗಾಳಿ ನಿಲ್ಲುತ್ತದೆ, ಗೆರೆ ಮಾಯವಾಗುತ್ತದೆ, ಬಲ ಮರಳುವುದಿಲ್ಲ; ಇದ್ದೊಂದು ಎಚ್ಚರಿಕೆಯನ್ನೂ ಮುಚ್ಚಿಹಾಕಿದಂತಾಗುತ್ತದೆ. ಹೊಸ ಬಣ್ಣಕ್ಕೆಂದು ಪೌಡರ್ ಕೋಟಿಂಗ್‌ಗೆ ಕೊಡುವುದು ಇನ್ನೂ ಅಪಾಯ. ಪೌಡರ್ ಗಟ್ಟಿಯಾಗಲು ಒಲೆಯಲ್ಲಿ 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖ ಕೊಡುತ್ತಾರೆ, ಎಪಾಕ್ಸಿಗಳಲ್ಲಿ ಹೆಚ್ಚಿನವು ಅದಕ್ಕಿಂತ ಕೆಳಗೇ ಮೆತ್ತಗಾಗುತ್ತವೆ.

ಸೆಕೆಂಡ್ ಹ್ಯಾಂಡ್ ಎಂದಿರುವುದೇ ನನ್ನ ದೊಡ್ಡ ಚಿಂತೆ. ವಡಖಳದ ಪೆಟ್ಟು ನಿಮಗೆ ಗೊತ್ತಿದೆ, ಅದಕ್ಕೆ ಹಿಂದಿನವು ಗೊತ್ತಿಲ್ಲ. ಕಾರ್ಬನ್ ಚಕ್ರಗಳಿಗೆ ರಸ್ತೆಗಿಂತ ಟಯರ್ ಅಂಗಡಿಯಲ್ಲೇ ಹೆಚ್ಚು ಗಾಯಗಳಾಗುತ್ತವೆ ಎಂಬುದು ನನ್ನ ಅಭಿಪ್ರಾಯ. ಕಬ್ಬಿಣದ ಲಿವರನ್ನು ರಿಮ್ಮಿನ ಅಂಚಿಗೆ ಊರಿ ಮೀಟಿದರೆ ಆ ಒಂದು ಬಿಂದುವಿನಲ್ಲಿ ಬೀಳುವ ಒತ್ತಡ ರಸ್ತೆಯ ಗುಂಡಿಗೇನೂ ಕಡಿಮೆಯಲ್ಲ. ಟ್ರಕ್ಕಿನಲ್ಲಿ ಬೈಕ್ ಸಾಗಿಸುವಾಗ ಸ್ಪೋಕಿಗೆ ಹಗ್ಗ ಬಿಗಿದಿರುವುದು, ಡಿಸ್ಕ್ ಬೋಲ್ಟುಗಳನ್ನು ಟಾರ್ಕ್ ರೆಂಚ್ ಇಲ್ಲದೆ ಕೈಯಳತೆಗೆ ಬಿಗಿದಿರುವುದು, ಆಮ್ಲವಿರುವ ಕ್ಲೀನರ್ ಹಾಕಿ ತೊಳೆದಿರುವುದು, ಇವೆಲ್ಲ ಹಿಂದಿನ ಮಾಲೀಕರಿಗೇ ನೆನಪಿರದ ಸಂಗತಿಗಳು. ಸಮುದ್ರಕ್ಕೆ ಹತ್ತಿರ ವಾಸಿಸುವ ನಿಮಗೆ ಇನ್ನೊಂದು ತೊಂದರೆಯೂ ಇದೆ. ಕಾರ್ಬನ್ ಮತ್ತು ಅಲ್ಯೂಮಿನಿಯಂ ನೇರವಾಗಿ ತಾಗಿಕೊಂಡು ನಡುವೆ ಉಪ್ಪಿನ ತೇವ ಸೇರಿದರೆ ಅಲ್ಯೂಮಿನಿಯಂ ಸವೆಯತೊಡಗುತ್ತದೆ. ಒಳ್ಳೆಯ ತಯಾರಕರು ನಡುವೆ ಗಾಜಿನ ನಾರಿನ ಪದರ ಹಾಕಿ ಇವೆರಡನ್ನೂ ಬೇರ್ಪಡಿಸಿರುತ್ತಾರೆ. ಬೇರಿಂಗ್ ಕೂರುವ ಅಲ್ಯೂಮಿನಿಯಂ ಹಬ್ಬಿನ ಸುತ್ತ ಅಥವಾ ಡಿಸ್ಕ್ ಬೋಲ್ಟಿನ ಬುಡದಲ್ಲಿ ಬಿಳಿಯ ಪುಡಿ ಕಂಡರೆ ಅಲ್ಲಿನ ಬೆಸುಗೆ ಸಡಿಲವಾಗುತ್ತಿದೆ ಎಂದು ತಿಳಿಯಿರಿ, ಮತ್ತು ಅದನ್ನು ಹಿಂದಿನ ಚಕ್ರದಲ್ಲೂ ನೋಡಿರಿ.

ಬೈಕ್ ರೇಸಿನ ವಿಶ್ವ ಚಾಂಪಿಯನ್‌ಷಿಪ್ ಆದ ಮೋಟೋಜಿಪಿಯಲ್ಲಿ ಕಾರ್ಬನ್ ಚಕ್ರಗಳಿಗೆ ಅನುಮತಿಯಿಲ್ಲ, ಅಲ್ಲಿ ಮೆಗ್ನೀಸಿಯಂ ಅಥವಾ ಅಲ್ಯೂಮಿನಿಯಂ ಮಿಶ್ರಲೋಹವೇ ಆಗಬೇಕು ಎಂಬುದನ್ನು ನಿಮ್ಮ ಮೊದಲ ಗೆಳೆಯ ಮುಂದಿಡಬಹುದು. ಆ ನಿಯಮ ನಿಜ. ಆದರೆ ಅದೇ ಬೈಕುಗಳ ಸ್ವಿಂಗ್‌ಆರ್ಮ್, ಎಂದರೆ ಹಿಂದಿನ ಚಕ್ರವನ್ನು ಹಿಡಿದಿಡುವ ತೋಳು, ಕಾರ್ಬನ್ನಿನದಾಗಿರುವುದೂ ಉಂಟು, ಆದ್ದರಿಂದ ನಿಷೇಧವನ್ನೇ ದೌರ್ಬಲ್ಯದ ಪುರಾವೆ ಎಂದು ನಾನು ಓದುವುದಿಲ್ಲ. ಮಾನದಂಡಗಳ ವಿಷಯದಲ್ಲಿ, ಮೋಟಾರ್‌ಸೈಕಲ್ ಚಕ್ರಗಳ ಪರೀಕ್ಷೆಗೆ ಇರುವ ಐಎಸ್ಒ 8644 ಹಗುರ ಮಿಶ್ರಲೋಹದ ಚಕ್ರಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಮುಂದೆ ಎಂದಾದರೂ ಕಾರ್ಬನ್ ಚಕ್ರ ಕೊಳ್ಳುವುದಾದರೆ ಯಾವ ಪರೀಕ್ಷೆ, ಎಷ್ಟು ಭಾರಕ್ಕೆ, ಪೆಟ್ಟಿನ ನಂತರ ಗಾಳಿ ನಿಂತಿತೇ ಎಂದು ತಯಾರಕರಿಂದ ಬರವಣಿಗೆಯಲ್ಲಿ ಪಡೆಯಿರಿ. ಕಾನೂನಿನ ಕಡೆಯಿಂದ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದ ಮಾರ್ಪಾಡು ಸಲ್ಲದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಅಪಘಾತವಾದರೆ ವಿಮೆಯವರು ಮೊದಲು ಕೇಳುವ ಪ್ರಶ್ನೆಯೂ ಇದೇ ಆಗಬಹುದು.

ಹಾಗಾಗಿ ದೀಪಾವಳಿಯ ಪ್ರಯಾಣಕ್ಕೆ ಬೈಕಿನ ಜೊತೆಗೆ ಬಂದಿದ್ದ ಮೂಲ ಅಲಾಯ್ ಚಕ್ರಗಳನ್ನೇ ಹಾಕಿಸಿಕೊಳ್ಳಿ. ಎಸೆದಿಲ್ಲದಿದ್ದರೆ ಅದಕ್ಕೆ ಖರ್ಚಾಗುವುದು ಟಯರ್ ಬದಲಾವಣೆಯ ಕೂಲಿಯಷ್ಟೇ. ಡಿಸ್ಕ್‌ಗಳು, ಸ್ಪೇಸರ್‌ಗಳು ಮತ್ತು (ಬ್ರೇಕಿನ ಎಬಿಎಸ್ ವ್ಯವಸ್ಥೆಗೆ ಚಕ್ರದ ವೇಗ ತಿಳಿಸುವ) ಎಬಿಎಸ್ ರಿಂಗ್ ಸರಿಯಾದ ಜಾಗದಲ್ಲಿ ಕೂತಿವೆಯೇ ಎಂದು ನೋಡಿಕೊಂಡರೆ ಸಾಕು. ಕಾರ್ಬನ್ ಚಕ್ರಗಳಿಂದ ಬೈಕ್ ತಿರುಗುವ ಚುರುಕು ಎಂಥದೆಂದು ನನಗೆ ಗೊತ್ತಿದೆ, ಅದನ್ನು ಬಿಟ್ಟುಕೊಡುವ ಬೇಸರವೂ ಅರ್ಥವಾಗುತ್ತದೆ. ಆದರೆ ಆ ಚುರುಕು ನಯವಾದ ಟ್ರ್ಯಾಕಿನಲ್ಲಿ ದಕ್ಕುವಂಥದ್ದು. ಪೇಣ್‌ನಿಂದ ಮಹಾಡದವರೆಗಿನ ರಸ್ತೆಯಲ್ಲಿ, ಪೆಟ್ಟು ಬಿದ್ದ ಪ್ರತಿಸಲ ಟಯರ್ ಬಿಚ್ಚಿ ನೋಡುವ ಅನುಕೂಲವಿಲ್ಲದ ಸವಾರನಿಗೆ, ಬಾಗಿ ತಿಳಿಸುವ ಚಕ್ರವೇ ತಕ್ಕದ್ದು. ಹಿಂದಿನ ಕಾರ್ಬನ್ ಚಕ್ರ ಮೇಲಿನ ಎಲ್ಲ ತಪಾಸಣೆಗಳಲ್ಲಿ ಗೆದ್ದರೂ ಒಂದನ್ನೇ ಉಳಿಸಿಕೊಂಡು ರಸ್ತೆಗೆ ತರಬೇಡಿ, ಏಕೆಂದರೆ ಆ ಗುಂಡಿಯನ್ನು ಅದೂ ದಾಟಿದೆ.

ಮುಂದಿನ ಚಕ್ರದಲ್ಲಿ ಹಾನಿ ಖಚಿತವಾದರೆ ಅದನ್ನು ಮಾರಬೇಡಿ, ಕೇಳಿದವರಿಗೆ ಉಚಿತವಾಗಿಯೂ ಕೊಡಬೇಡಿ. ನಿಮಗೆ ಬಂದ ಹಾಗೆಯೇ ಅದು ಇನ್ನೊಬ್ಬರ ಕೈ ಸೇರಿ, ಹೊಸ ಲ್ಯಾಕರ್ ಬಳಿಸಿಕೊಂಡು ರಸ್ತೆಗೆ ಇಳಿಯುತ್ತದೆ. ಬೇರಿಂಗ್ ಮತ್ತು ಲೋಹದ ಭಾಗಗಳನ್ನು ತೆಗೆದುಕೊಂಡು, ರಿಮ್ಮನ್ನು ಎರಡು ಕಡೆ ಪೂರ್ತಿ ಕತ್ತರಿಸಿದ ಮೇಲಷ್ಟೇ ವಿಲೇವಾರಿ ಮಾಡಿರಿ. ಕಾರ್ಬನ್ ಧೂಳು ಶ್ವಾಸಕ್ಕೂ ಚರ್ಮಕ್ಕೂ ಒಳ್ಳೆಯದಲ್ಲವಾದ್ದರಿಂದ ಕತ್ತರಿಸುವಾಗ ನೀರು ಹಾಯಿಸುತ್ತಿರಬೇಕು, ಮಾಸ್ಕ್, ಕೈಗವಸು ಮತ್ತು ಕನ್ನಡಕ ಹಾಕಿಕೊಂಡಿರಬೇಕು.